ಟೀಚರ್, ಒಂದು ಡೌಟು: ಪೈಥಾನಿನ ಚಿಹ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಆಪರೇಟರ್‌ಗಳ ಬಗ್ಗೆಯೇ ಇವೆ. ಕೂಡು, ಕಳೆ, ಭಾಗಿಸು, ಹೋಲಿಸು ಎಂದು ಕಂಪ್ಯೂಟರಿಗೆ ಹೇಳುವ ಸಣ್ಣ ಸಣ್ಣ ಚಿಹ್ನೆಗಳು. ನನಗೆ ತುಂಬಾ ಖುಷಿಯಾಯಿತು. ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳು ಲ್ಯಾಬಿಗೆ ಬಂದರೆ ಹಿಂದಿನ ಸಾಲಿಗೆ ಸರಿದು ನಿಲ್ಲುತ್ತಾರೆ. ಪರದೆ ತುಂಬಾ ಇಂಗ್ಲಿಷ್ ಎಂಬ ಅಂಜಿಕೆ. ಆದರೆ ಈ ಚಿಹ್ನೆಗಳಿಗೆ ಯಾವ ಮೀಡಿಯಮ್ಮೂ ಇಲ್ಲ. ಇಂಗ್ಲಿಷ್ ಮೀಡಿಯಂ ಮಗುವಿಗೆ ಇವು ಎಷ್ಟು ಹೊಸತೋ ಮುಳ್ಳೇರಿಯದ ಮಗುವಿಗೂ ಅಷ್ಟೇ ಹೊಸತು. ಇಲ್ಲಿಂದ ಶುರು ಮಾಡಿದರೆ ಯಾರೂ ಹಿಂದೆ ಬೀಳಬೇಕಾಗಿಲ್ಲ.

ಓದುವ ಮೊದಲು ಎರಡು ಮಾತು. ಸಾಲಿನ ಮೊದಲಿಗೆ >>> ಎಂದು ಇದ್ದರೆ ಅದು ಪೈಥಾನ್ ಶೆಲ್ (ಒಂದೊಂದೇ ಸಾಲು ಟೈಪ್ ಮಾಡಿ ಉತ್ತರ ನೋಡುವ ಜಾಗ) ತಾನೇ ತೋರಿಸುವ ಗುರುತು, ನೀವು ಟೈಪ್ ಮಾಡಬೇಡಿ. ನಾನಿಲ್ಲಿ ಟ್ರೂ, ಫಾಲ್ಸ್, ಆ್ಯಂಡ್, ಆರ್, ನಾಟ್, ಇನ್ ಎಂದು ಬರೆದದ್ದೆಲ್ಲ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ. ಹೆಸರುಗಳನ್ನು ಮಾತ್ರ ಕನ್ನಡದಲ್ಲಿ ಕೊಟ್ಟಿದ್ದೇನೆ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಅದು ನಡೆಯುತ್ತದೆ.

ಇನ್ನೊಂದು ಕೋರಿಕೆ. ಪ್ರತಿ ಸಾಲು ಟೈಪ್ ಮಾಡಿದ ಮೇಲೆ ಎಂಟರ್ ಒತ್ತಬೇಡಿ. ಮೊದಲು ಪೆನ್ಸಿಲ್ ಹಿಡಿದು, ಏನು ಉತ್ತರ ಬರಬಹುದು ಎಂದು ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಒತ್ತಿ. ಸಂಜೆ ನಮ್ಮ ಊರಿನ ಗ್ರಂಥಾಲಯದಲ್ಲಿ ನಡೆಸುವ ಕ್ಲಾಸಿನಲ್ಲಿ ನಾನು ಇದೊಂದು ವಿಷಯದಲ್ಲಿ ಮಾತ್ರ ಬಿಗಿ. ಬರೆದದ್ದೂ ಬಂದದ್ದೂ ಬೇರೆಯಾದರೆ ಅಲ್ಲಿ ನಿಲ್ಲಿ. ಕಲಿಯುವುದಕ್ಕೆ ಏನೋ ಇದೆ ಅಂತ ಅರ್ಥ.

ಟೀಚರ್, ‘ಕಾಯಿ = ಕಾಯಿ + 1’ ಎಂದು ಲ್ಯಾಬಿನಲ್ಲಿ ಬರೆಸಿದರು. ಗಣಿತದಲ್ಲಿ ಇದು ತಪ್ಪಲ್ಲವಾ? ಎರಡೂ ಕಡೆಯಿಂದ ಕಾಯಿ ಕಳೆದರೆ 0 = 1 ಆಗುತ್ತದೆ. ಕಂಪ್ಯೂಟರ್ ಯಾಕೆ ಒಪ್ಪಿಕೊಳ್ಳುತ್ತದೆ?
— ಹತ್ತನೇ ಕ್ಲಾಸಿನ ವಿದ್ಯಾರ್ಥಿನಿ, ನೀರ್ಚಾಲು

ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದೆ ಮಗಳೇ! ಎರಡೂ ಕಡೆಯಿಂದ ಕಳೆದು ನೋಡಿದೆಯಲ್ಲ, ಅಷ್ಟು ಯೋಚಿಸುವವರು ಕಡಿಮೆ.

ಗಣಿತದ ಪುಸ್ತಕದಲ್ಲಿ = ಎಂದರೆ ಒಂದು ಸಂಗತಿ. ಎಡಗಡೆ ಇರುವುದೂ ಬಲಗಡೆ ಇರುವುದೂ ಒಂದೇ ಎಂದು ಅದು ಹೇಳುತ್ತದೆ. ಪೈಥಾನಿನಲ್ಲಿ = ಎಂದರೆ ಅಪ್ಪಣೆ. ‘ಮೊದಲು ಬಲಗಡೆಯ ಲೆಕ್ಕ ಮುಗಿಸು, ಬಂದ ಉತ್ತರಕ್ಕೆ ಎಡಗಡೆಯ ಹೆಸರು ಕೊಡು’ ಎಂಬ ಅಪ್ಪಣೆ. ಯಾವಾಗಲೂ ಬಲ ಮೊದಲು, ಎಡ ಆಮೇಲೆ.

>>> ಕಾಯಿ = 40
>>> ಕಾಯಿ = ಕಾಯಿ + 1
>>> ಕಾಯಿ
41

ಎರಡನೇ ಸಾಲನ್ನು ನಿಧಾನವಾಗಿ ನೋಡು. ಬಲಗಡೆ ‘ಕಾಯಿ + 1’ ಇದೆ. ಈ ಹೊತ್ತಿಗೆ ಕಾಯಿ ಎಂಬ ಹೆಸರು ಇರುವುದು 40ಕ್ಕೆ. ಹಾಗಾಗಿ 41 ಬಂತು. ಈಗ ಕಾಯಿ ಎಂಬ ಹೆಸರನ್ನು 40ರಿಂದ ತೆಗೆದು 41ಕ್ಕೆ ಅಂಟಿಸಿತು. ಒಂದು ಭರಣಿಯ ಚೀಟಿ ಕಿತ್ತು ಪಕ್ಕದ ಭರಣಿಗೆ ಅಂಟಿಸಿದ ಹಾಗೆ. 40 ಬದಲಾಗಿ 41 ಆಗಲಿಲ್ಲ, ಹೆಸರು ಜಾಗ ಬದಲಿಸಿತು ಅಷ್ಟೆ.

ಎಡ ಬಲ ತಿರುಗಿಸಿ ‘41 = ಕಾಯಿ’ ಎಂದು ಬರೆದು ನೋಡು. ಎರರ್ ಬರುತ್ತದೆ. ಗಣಿತದಲ್ಲಿ ಎಡ ಬಲ ಅದಲುಬದಲು ಮಾಡಿದರೂ ಸಮೀಕರಣ ಸಮೀಕರಣವೇ. ಇಲ್ಲಿ ಹಾಗಲ್ಲ. 41 ಒಂದು ಸಂಖ್ಯೆ, ಅದಕ್ಕೆ ಬೇರೆ ಬೆಲೆ ಕೊಡಲಿಕ್ಕೆ ಆಗುವುದಿಲ್ಲ.

ಹಾಗಾದರೆ ‘ಇವೆರಡೂ ಒಂದೇನಾ?’ ಎಂದು ಕೇಳುವುದು ಹೇಗೆ? ಅದಕ್ಕೆ ಎರಡು ಗೆರೆ ಜೋಡಿ: ==

>>> ಕಾಯಿ == 41
ಟ್ರೂ
>>> ಕಾಯಿ == ಕಾಯಿ + 1
ಫಾಲ್ಸ್

ನೋಡು, ನೀನು ಗಣಿತದಲ್ಲಿ ಹೇಳಿದ್ದನ್ನೇ ಕಂಪ್ಯೂಟರೂ ಹೇಳಿತು. ಸಮ ಅಲ್ಲ ಎಂದು ಕೇಳಲು != ಇದೆ. ‘ಹೀಗಿದ್ದರೆ’ ಎಂದು ಕೇಳುವ ಇಫ್ ಸಾಲಿನಲ್ಲಿ == ಬದಲು ಒಂದೇ = ಹಾಕಿದರೆ ಪೈಥಾನ್ ಮುಂದೆ ಹೋಗುವುದೇ ಇಲ್ಲ, ಎರರ್ ತೋರಿಸಿ ನಿಲ್ಲುತ್ತದೆ. ಅದು ನಮಗೆ ಉಪಕಾರವೇ.

ನಿನ್ನ ಡೌಟಿಗೆ ದೊಡ್ಡ ಇತಿಹಾಸವೂ ಇದೆ. ಸಮಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚು ಹಾಕಿಸಿದವರು ವೇಲ್ಸ್ ನಾಡಿನ ರಾಬರ್ಟ್ ರೆಕಾರ್ಡ್. ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತುಗಳು ಇರಲಾರವು ಎಂಬುದು ಅವರು ಕೊಟ್ಟ ಕಾರಣ. ಅದಾಗಿ ನಾನೂರು ವರ್ಷದ ಮೇಲೆ, 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆ ಇದೇ ಚಿಹ್ನೆಯನ್ನು ‘ಬೆಲೆ ಕೊಡು’ ಎಂಬ ಕೆಲಸಕ್ಕೆ ಎಳೆದುಕೊಂಡಿತು. ಗೊಂದಲ ಬೇಡವೆಂದು ಆಲ್ಗಾಲ್ ಮತ್ತು ಪ್ಯಾಸ್ಕಲ್ ಭಾಷೆಗಳು := ಎಂದು ಬರೆದವು. ನನಗೆ ಕೇಳಿದರೆ ಅದೇ ಸರಿ ಇತ್ತು. ಆದರೆ ಸಿ ಭಾಷೆ = ಎಂದೇ ಇಟ್ಟುಕೊಂಡಿತು. 1991ರಲ್ಲಿ ಗೀಡೊ ವಾನ್ ರಾಸಮ್ ಹೊರತಂದ ಪೈಥಾನೂ ಅದೇ ದಾರಿಯಲ್ಲಿ ಹೋಯಿತು. ಈಗ ನಾವು ಅಭ್ಯಾಸ ಮಾಡಿಕೊಳ್ಳಬೇಕು.

‘ಕಾಯಿ = ಕಾಯಿ + 1’ ಎಂದು ಉದ್ದ ಬರೆಯುವ ಬದಲು ‘ಕಾಯಿ += 1’ ಎಂದರೂ ಆಗುತ್ತದೆ. ಹಾಗೆಯೇ -=, *=, /= ಕೂಡ ಇವೆ.

ಮಗಳ ಜೊತೆ ಕೂತು ನಾನೂ ಕಲಿಯುತ್ತಿದ್ದೇನೆ ಟೀಚರ್. 437 ಕಿಲೋ ಅಡಿಕೆ ಇದೆ, ಗೋಣಿಗೆ 60 ಕಿಲೋ ತುಂಬಿಸುತ್ತೇನೆ. 437 / 60 ಎಂದರೆ 7.28 ಅಂತ ಏನೋ ಉದ್ದ ಬರುತ್ತದೆ. 420 / 60 ಎಂದರೂ 7 ಬಾರದೆ 7.0 ಬರುತ್ತದೆ. ಎಷ್ಟು ಗೋಣಿ ಎಂದು ನೇರ ಹೇಳುವುದಿಲ್ಲವಾ?
— ಅಡಿಕೆ ಕೃಷಿಕರು, ಪೆರ್ಲ

ಹೇಳುತ್ತದೆ. ನೀವು ಕೇಳಿದ ಚಿಹ್ನೆ ಬೇರೆ ಅಷ್ಟೆ. ಭಾಗಾಕಾರಕ್ಕೆ ಪೈಥಾನಿನಲ್ಲಿ ಮೂರು ಚಿಹ್ನೆಗಳಿವೆ. ಮೂರೂ ಬೇರೆ ಬೇರೆ ಪ್ರಶ್ನೆ ಕೇಳುತ್ತವೆ.

>>> 437 // 60
7
>>> 437 % 60
17

// ಎಂದರೆ ತುಂಬಿದ ಗೋಣಿ ಎಷ್ಟು. % ಎಂದರೆ ಉಳಿದದ್ದು ಎಷ್ಟು. ಏಳು ಗೋಣಿ ತುಂಬಿ 420 ಕಿಲೋ ಹೋಯಿತು, 17 ಕಿಲೋ ಉಳಿಯಿತು. ನಾಲ್ಕನೇ ಕ್ಲಾಸಿನಲ್ಲಿ ಭಾಗಲಬ್ಧ, ಶೇಷ ಎಂದು ಕಲಿತದ್ದೇ ಇದು. % ಕಂಡ ಕೂಡಲೇ ಶೇಕಡಾ ಲೆಕ್ಕ ಎಂದುಕೊಳ್ಳಬೇಡಿ. ಇಲ್ಲಿ ಅದಕ್ಕೂ ಶೇಕಡಾಕ್ಕೂ ಸಂಬಂಧ ಇಲ್ಲ.

ಒಂದೇ ಗೆರೆಯ / ಯಾವಾಗಲೂ ದಶಮಾಂಶದಲ್ಲೇ ಉತ್ತರ ಕೊಡುತ್ತದೆ, ಸಮನಾಗಿ ಭಾಗ ಹೋದರೂ ಸರಿ. ಅದಕ್ಕೇ 7.0. ಹಳೆಯ ಪೈಥಾನ್ 2ರಲ್ಲಿ ಹೀಗಿರಲಿಲ್ಲ. ಅಲ್ಲಿ 7 / 2 ಎಂದರೆ 3 ಬರುತ್ತಿತ್ತು. ಪೈಥಾನ್ 3 ಬಂದಾಗ ಇದನ್ನು ಬದಲಿಸಿದರು. ಮನೆಯಲ್ಲಿ ಹಳೆಯ ಪುಸ್ತಕ ಇದ್ದರೆ ಅದರಲ್ಲಿ 3 ಎಂದೇ ಇರಬಹುದು. ಪುಸ್ತಕವೂ ತಪ್ಪಲ್ಲ, ನೀವೂ ತಪ್ಪಲ್ಲ. ಪೈಥಾನ್ 2ಕ್ಕೆ 2020ರ ಜನವರಿಯಿಂದ ಬೆಂಬಲ ನಿಂತಿದೆ. ಹೊಸ ಪುಸ್ತಕ ತೆಗೆದುಕೊಳ್ಳಿ.

ಈಗ ನಿಮಗೆ ನಿಜವಾಗಿ ಬೇಕಾದ ಉತ್ತರ. ಉಳಿದ 17 ಕಿಲೋಗೂ ಒಂದು ಗೋಣಿ ಬೇಕಲ್ವಾ? ಅಂದರೆ ಖಾಲಿ ಗೋಣಿ ಎಂಟು ತರಬೇಕು. ಅದಕ್ಕೊಂದು ಉಪಾಯ ಇದೆ.

>>> -437 // 60
-8
>>> -(-437 // 60)
8

// ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. 7.28ರಿಂದ ಇಳಿದರೆ 7. ಆದರೆ ಮೈನಸ್ 7.28ರಿಂದ ಕೆಳಗೆ ಇಳಿದರೆ ಸಿಗುವುದು ಮೈನಸ್ 8. ಸಂಖ್ಯಾರೇಖೆ ಬರೆದು ಬೆರಳಿಟ್ಟು ನೋಡಿ, ಕೂಡಲೇ ತಿಳಿಯುತ್ತದೆ. ಆ ಮೈನಸ್ ಎಂಟರ ಮೈನಸ್ ತೆಗೆದರೆ ಎಂಟು ಗೋಣಿ. ಉಪಾಯ ಬೇಡ ಎನಿಸಿದರೆ ಮ್ಯಾಥ್ ಎಂಬ ಮಾಡ್ಯೂಲಿನಲ್ಲಿ (ಸಿದ್ಧ ಲೆಕ್ಕಗಳ ಕಟ್ಟಿನಲ್ಲಿ) ಸೀಲ್ ಎಂಬುದಿದೆ, ಅದೂ ಮೇಲಿನ ಪೂರ್ಣಾಂಕವನ್ನೇ ಕೊಡುತ್ತದೆ.

ನಾನು ಮದ್ದಳೆ ಕಲಿಯುತ್ತಿದ್ದೇನೆ. ಈ % ಅಡಿಕೆ ಗೋಣಿಗೆ ಬಿಟ್ಟು ಬೇರೆ ಯಾವುದಕ್ಕಾದರೂ ಉಪಯೋಗ ಇದೆಯಾ ಟೀಚರ್?
— ಪ್ಲಸ್ ಟೂ ವಿದ್ಯಾರ್ಥಿ, ಕುಂಬಳೆ

ಇದೆಯಾ ಅಂತ ಕೇಳುತ್ತೀಯಾ! ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು ನೀನು, ನಿನ್ನ ಕೈಯಲ್ಲೇ ಇದೆ. ಸುತ್ತಿ ಸುತ್ತಿ ಬರುವ ಯಾವುದೇ ಲೆಕ್ಕಕ್ಕೆ % ಬೇಕು. ತಾಳವೂ ಹಾಗೆಯೇ ಸುತ್ತುವುದು.

ತ್ರಿವುಡೆ ತಾಳದ ಒಂದು ಸುತ್ತಿಗೆ, ಅಂದರೆ ಆವರ್ತಕ್ಕೆ, ಏಳು ಅಕ್ಷರ. ಶುರುವಿನಿಂದ ಎಣಿಸಿದರೆ ನೂರನೇ ಅಕ್ಷರ ಆವರ್ತದಲ್ಲಿ ಎಲ್ಲಿ ಬೀಳುತ್ತದೆ?

>>> 100 % 7
2

ಎರಡನೇ ಅಕ್ಷರ. 98 ಅಕ್ಷರಕ್ಕೆ ಹದಿನಾಲ್ಕು ಆವರ್ತ ಮುಗಿಯಿತು, ಹದಿನೈದನೆಯದರ ಎರಡನೇ ಅಕ್ಷರದಲ್ಲಿ ನೀನಿದ್ದೀಯ. ಆದರೆ 98 % 7 ಎಂದು ಕೇಳಿದರೆ 0 ಬರುತ್ತದೆ. ಸೊನ್ನೆಯನೇ ಅಕ್ಷರ ಎಂಬುದಿಲ್ಲ, ಅದು ಏಳನೆಯದು. ಇದನ್ನು ಸರಿ ಮಾಡಲು ಒಂದು ಕಳೆದು, ಶೇಷ ತೆಗೆದು, ಒಂದು ಕೂಡಿಸುತ್ತಾರೆ.

>>> (98 - 1) % 7 + 1
7
>>> (100 - 1) % 7 + 1
2

ವಾರದ ಲೆಕ್ಕವೂ ಇದೇ. ಇವತ್ತು ಗುರುವಾರ ಆದರೆ ನೂರು ದಿನ ಕಳೆದ ಮೇಲೆ ಯಾವ ವಾರ? ಶೇಷ ಎರಡು, ಹಾಗಾಗಿ ಶನಿವಾರ. ಹಿಂದಕ್ಕೆ ಹೋದರೂ ಪೈಥಾನ್ ಕೈಬಿಡುವುದಿಲ್ಲ. -17 % 5 ಎಂದರೆ 3 ಕೊಡುತ್ತದೆ. ಸಿ ಭಾಷೆಯಲ್ಲಾದರೆ ಇದಕ್ಕೆ -2 ಬರುತ್ತದೆ. ಪೈಥಾನಿನಲ್ಲಿ ಏಳರಿಂದ ಭಾಗಿಸಿದರೆ ಶೇಷ ಯಾವಾಗಲೂ ಸೊನ್ನೆಯಿಂದ ಆರರ ಒಳಗೇ. ತಾಳ ಬರೆಯುವವನಿಗೆ ಇದೇ ಅನುಕೂಲ.

ಝಂಪೆಯ ಹತ್ತು ಅಕ್ಷರಕ್ಕೂ ಒಂದು ಬರೆದು ನೋಡು. ನಿನ್ನ ಗುರುಗಳಿಗೂ ತೋರಿಸು.

ಅಡಿಕೆ ಮಂಡಿಯಲ್ಲಿ ಕೆಲಸ ಮಾಡುತ್ತೇನೆ. ಪಟೋರ ಅಥವಾ ಉಳ್ಳಿಗಡ್ಡೆ ಆದರೆ ಮಾತ್ರ ಬೇರೆ ಪಟ್ಟಿಗೆ ಹಾಕಬೇಕಿತ್ತು. ‘ಜಾತಿ == "ಪಟೋರ" ಆರ್ "ಉಳ್ಳಿಗಡ್ಡೆ"’ ಎಂದು ಬರೆದೆ. ಕರಿಗೋಟೂ ಅದೇ ಪಟ್ಟಿಗೆ ಹೋಗುತ್ತಿದೆ. ಎಲ್ಲಿ ತಪ್ಪು ಟೀಚರ್?
— ಬದಿಯಡ್ಕದಿಂದ ಓದುಗರು

ನೀವು ಬರೆದದ್ದನ್ನು ಮನುಷ್ಯರಿಗೆ ಓದಿ ಹೇಳಿದರೆ ಸರಿಯಾಗಿಯೇ ಅರ್ಥ ಆಗುತ್ತದೆ. ‘ಜಾತಿ ಪಟೋರ ಅಥವಾ ಉಳ್ಳಿಗಡ್ಡೆ.’ ಕಷ್ಟ ಇರುವುದು ಅಲ್ಲೇ. ಪೈಥಾನ್ ಇದನ್ನು ಎರಡು ತುಂಡು ಮಾಡಿ ಓದುತ್ತದೆ. ಒಂದು ತುಂಡು: ‘ಜಾತಿ == "ಪಟೋರ"’. ಇನ್ನೊಂದು ತುಂಡು: ‘"ಉಳ್ಳಿಗಡ್ಡೆ"’, ಬರೀ ಅಷ್ಟೇ. ಎರಡನೇ ತುಂಡಿನಲ್ಲಿ ಹೋಲಿಕೆಯೇ ಇಲ್ಲ. ಕಣ್ಣಾರೆ ನೋಡಿ:

>>> ಜಾತಿ = "ಕರಿಗೋಟು"
>>> ಜಾತಿ == "ಪಟೋರ" ಆರ್ "ಉಳ್ಳಿಗಡ್ಡೆ"
'ಉಳ್ಳಿಗಡ್ಡೆ'

ಟ್ರೂ ಅಥವಾ ಫಾಲ್ಸ್ ಬರಬೇಕಾದಲ್ಲಿ ಅಡಿಕೆಯ ಹೆಸರೇ ಎದ್ದು ಬಂತು. ಆರ್ ಮಾಡುವ ಕೆಲಸ ಇದು: ಎಡಗಡೆಯದ್ದು ಸರಿ ಇದ್ದರೆ ಅದನ್ನೇ ಕೊಡುತ್ತದೆ, ಬಲಗಡೆ ತಿರುಗಿಯೂ ನೋಡುವುದಿಲ್ಲ. ಎಡಗಡೆಯದ್ದು ಫಾಲ್ಸ್ ಆದರೆ ಬಲಗಡೆ ಇದ್ದದ್ದನ್ನು ಹಾಗೇ ಎತ್ತಿ ಕೊಡುತ್ತದೆ. ಒಳಗೆ ಒಂದಾದರೂ ಅಕ್ಷರ ಇರುವ ಸ್ಟ್ರಿಂಗನ್ನು (ಉಲ್ಲೇಖ ಚಿಹ್ನೆಯ ಒಳಗಿನ ಬರಹವನ್ನು) ಇಫ್ ಟ್ರೂ ಎಂದೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಕರಿಗೋಟು ಬಂದರೂ, ತೆಂಗಿನಕಾಯಿ ಬಂದರೂ ಬಾಗಿಲು ತೆರೆದೇ ಇರುತ್ತದೆ.

ಸರಿಯಾದದ್ದು: ‘ಜಾತಿ == "ಪಟೋರ" ಆರ್ ಜಾತಿ == "ಉಳ್ಳಿಗಡ್ಡೆ"’. ಹೆಸರು ಜಾಸ್ತಿ ಇದ್ದರೆ ‘ಜಾತಿ ಇನ್ ["ಪಟೋರ", "ಉಳ್ಳಿಗಡ್ಡೆ"]’ ಎಂದು ಬರೆಯಿರಿ. ಓದಲಿಕ್ಕೂ ಚಂದ. ಕೆಲಸಕ್ಕಂತೂ ನಾನು ಇದನ್ನೇ ಬಳಸುತ್ತೇನೆ.

ಆ್ಯಂಡ್ ಮತ್ತು ಆರ್ ಒಂದೇ ಸಾಲಿನಲ್ಲಿ ಬಂದರೆ ಆ್ಯಂಡ್ ಮೊದಲು ನಡೆಯುತ್ತದೆ. ನಾಟ್ ಅದಕ್ಕಿಂತಲೂ ಮೊದಲು. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಕಂಸ ಹಾಕುವುದು ಒಳ್ಳೆಯದು. ಅಧಿಕ ವರ್ಷದ ಲೆಕ್ಕ ನೋಡಿ:

(ವರ್ಷ % 4 == 0 ಆ್ಯಂಡ್ ವರ್ಷ % 100 != 0) ಆರ್ ವರ್ಷ % 400 == 0

ನಾಲ್ಕರಿಂದ ಭಾಗ ಹೋಗಬೇಕು, ನೂರರಿಂದ ಹೋಗಬಾರದು. ಇಲ್ಲವಾದರೆ ನಾನೂರರಿಂದ ಹೋಗಬೇಕು. ನಮ್ಮ ಕಾಸರಗೋಡು ಜಿಲ್ಲೆಯಾದ 1984 ಹಾಕಿ ನೋಡಿ, ಟ್ರೂ. 1900 ಹಾಕಿದರೆ ಫಾಲ್ಸ್. 2000ಕ್ಕೆ ಟ್ರೂ. ಒಂದೇ ಸಾಲಿನಲ್ಲಿ ಶೇಷ, ಹೋಲಿಕೆ, ಆ್ಯಂಡ್, ಆರ್ ನಾಲ್ಕೂ ಬಂದವು. ಈ ಒಂದು ಸಾಲನ್ನು ಪೂರ್ತಿ ಅರ್ಥ ಮಾಡಿಕೊಂಡ ಮಗುವಿಗೆ ಆಪರೇಟರ್ ಬಗ್ಗೆ ನಾನು ಬೇರೆ ಪರೀಕ್ಷೆ ಕೊಡುವುದಿಲ್ಲ.

ಹಾಲಿನ ಸೊಸೈಟಿಯ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ 1.1 ಲೀಟರ್, ಸಂಜೆ 2.2 ಲೀಟರ್. ಕೂಡಿಸಿದರೆ 3.3000000000000003 ಬರುತ್ತದೆ. ಕಂಪ್ಯೂಟರ್ ಹಾಳಾಗಿದೆಯಾ?
— ಬಂದಡ್ಕದಿಂದ ಓದುಗರು

ಹಾಳಾಗಿಲ್ಲ. ಬೇರೆ ಯಾವ ಕಂಪ್ಯೂಟರಿನಲ್ಲಿ ಪೈಥಾನ್ ತೆರೆದು ಕೇಳಿದರೂ ಇದೇ ಉತ್ತರ. ಗಾಬರಿ ಬೇಡ, ಆದರೆ ಜಾಗ್ರತೆ ಬೇಕು. ಯಾಕೆಂದರೆ ‘1.1 + 2.2 == 3.3’ ಎಂದು ಕೇಳಿದರೆ ಫಾಲ್ಸ್ ಬರುತ್ತದೆ. ಲೆಕ್ಕ ತಾಳೆ ನೋಡುವ ಪ್ರೋಗ್ರಾಮಿನಲ್ಲಿ ಇದು ದೊಡ್ಡ ತೊಂದರೆ.

ಕಾರಣ ಇಷ್ಟು. ಒಂದನ್ನು ಮೂರರಿಂದ ಭಾಗಿಸಿದರೆ ನಾವು 0.3333 ಎಂದು ಬರೆಯುತ್ತಾ ಹೋಗುತ್ತೇವೆ, ಮುಗಿಯುವುದೇ ಇಲ್ಲ. ಎಲ್ಲೋ ಒಂದು ಕಡೆ ನಿಲ್ಲಿಸುತ್ತೇವೆ. ಕಂಪ್ಯೂಟರ್ ಸೊನ್ನೆ ಮತ್ತು ಒಂದು, ಈ ಎರಡೇ ಅಂಕೆಯಲ್ಲಿ ಬರೆಯುತ್ತದೆ. ಆ ಬರವಣಿಗೆಯಲ್ಲಿ ಹತ್ತರಲ್ಲಿ ಒಂದು ಎಂಬುದು ಮುಗಿಯುವುದಿಲ್ಲ: 0.000110011001100... ಹೀಗೆ ಸಾಗುತ್ತಲೇ ಇರುತ್ತದೆ. 1985ರಲ್ಲಿ ಬಂದ ಐಟ್ರಿಪಲ್‌ಇ 754 ಎಂಬ ನಿಯಮದ ಪ್ರಕಾರ 53 ಅಂಕೆಗೆ ಅದನ್ನು ನಿಲ್ಲಿಸುತ್ತಾರೆ. ಅಲ್ಲಿ ತುಂಡಾದ ಬಾಲವೇ ನಿಮಗೆ ಕೊನೆಯಲ್ಲಿ 3 ಆಗಿ ಕಂಡದ್ದು. ಅರ್ಧ, ಕಾಲು, ಮುಕ್ಕಾಲಿಗೆ ಈ ಕಷ್ಟ ಇಲ್ಲ. 3.5 + 0.25 ಸರಿಯಾಗಿ 3.75 ಕೊಡುತ್ತದೆ.

ನಿಮ್ಮ ಕೆಲಸಕ್ಕೆ ನನ್ನ ಸಲಹೆ: ಲೀಟರಿನಲ್ಲಿ ಬರೆಯಬೇಡಿ, ಮಿಲಿಲೀಟರಿನಲ್ಲಿ ಬರೆಯಿರಿ. 1100 + 2200 ಎಂದರೆ 3300, ಒಂದು ಹನಿಯೂ ಆಚೀಚೆ ಇಲ್ಲ. ಹಣವನ್ನೂ ರೂಪಾಯಿಯ ಬದಲು ಪೈಸೆಯಲ್ಲಿ ಇಡಿ. ಪೂರ್ಣಾಂಕಕ್ಕೆ ಪೈಥಾನಿನಲ್ಲಿ ಗಾತ್ರದ ಮಿತಿ ಇಲ್ಲ, ಎಷ್ಟು ದೊಡ್ಡದಾದರೂ ಸರಿಯಾಗಿ ಕೂಡುತ್ತದೆ. ಕೊನೆಗೆ ಚೀಟಿ ಅಚ್ಚು ಹಾಕುವಾಗ ಮಾತ್ರ ಪೈಸೆಯನ್ನು ನೂರರಿಂದ, ಮಿಲಿಲೀಟರನ್ನು ಸಾವಿರದಿಂದ ಭಾಗಿಸಿ. ದಶಮಾಂಶದಲ್ಲೇ ಲೆಕ್ಕ ಬೇಕು ಎಂದಾದರೆ ಡೆಸಿಮಲ್ ಎಂಬ ಮಾಡ್ಯೂಲ್ ಇದೆ.

ರೌಂಡ್ ಬಳಸುವಾಗಲೂ ಒಂದು ವಿಷಯ ನೆನಪಿರಲಿ. 2.5ನ್ನು ರೌಂಡ್ ಮಾಡಿದರೆ 2 ಬರುತ್ತದೆ, 3.5ನ್ನು ಮಾಡಿದರೆ 4. ಸರಿ ಅರ್ಧಕ್ಕೆ ನಿಂತ ಸಂಖ್ಯೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ, ಸಾವಿರಾರು ಸಂಖ್ಯೆ ಕೂಡಿಸುವಾಗ ಮೊತ್ತ ಒಂದೇ ಕಡೆಗೆ ವಾಲಬಾರದು ಎಂದು. ಹಾಲು ಹಾಕುವವರಿಗೆ ಇದನ್ನು ಮೊದಲೇ ವಿವರಿಸಿ ಹೇಳಿ. ಐವತ್ತು ಪೈಸೆ ಎಲ್ಲಿ ಹೋಯಿತು ಎಂದು ಕೇಳುವುದು ಅವರ ಹಕ್ಕು.

ಟೀಚರ್, ಎರಡು ಪರೀಕ್ಷೆಯ ಮಾರ್ಕು ಕೂಡಿಸುವ ಪ್ರೋಗ್ರಾಂ ಬರೆದೆ. 35 ಮತ್ತು 42 ಕೊಟ್ಟರೆ 3542 ಬಂತು!
— ಎಂಟನೇ ಕ್ಲಾಸು, ಎಣ್ಮಕಜೆ

ಅಷ್ಟು ಮಾರ್ಕು ಬಂದರೆ ಚೆನ್ನಾಗಿತ್ತು! ಇನ್‌ಪುಟ್ ಮೂಲಕ ಬಂದದ್ದೆಲ್ಲ ಪೈಥಾನಿಗೆ ಅಕ್ಷರ, ಸಂಖ್ಯೆ ಅಲ್ಲ. ಅಕ್ಷರಗಳ ನಡುವೆ + ಬಂದರೆ ಅದು ಕೂಡಿಸುವುದಿಲ್ಲ, ಒಂದರ ಬೆನ್ನಿಗೆ ಇನ್ನೊಂದನ್ನು ಜೋಡಿಸುತ್ತದೆ. ಇಂಟ್ ಒಳಗೆ ಹಾಕಿ ಸಂಖ್ಯೆ ಮಾಡಿಕೊಂಡರೆ 77 ಬರುತ್ತದೆ.

ಅಕ್ಷರಗಳ ಮೇಲೆ * ಕೂಡ ನಡೆಯುತ್ತದೆ. "ತೈ" * 3 ಎಂದು ಹಾಕಿ ನೋಡು, ‘ತೈತೈತೈ’ ಬರುತ್ತದೆ. - ಹಾಕಿದರೆ ಮಾತ್ರ ಎರರ್.

ಹೋಲಿಸುವಾಗ ಜಾಗ್ರತೆ. "9" > "10" ಎಂದು ಕೇಳಿದರೆ ಟ್ರೂ ಬರುತ್ತದೆ. ಅಕ್ಷರಗಳನ್ನು ಎಡದಿಂದ ಒಂದೊಂದಾಗಿ ಹೋಲಿಸುವುದರಿಂದ 9ರ ಎದುರು 1 ನಿಂತಿತು. ಕನ್ನಡದಲ್ಲೂ ಹೀಗೊಂದು ವಿಷಯ ಇದೆ. "ಳ" < "ವ" ಎಂದರೆ ಟ್ರೂ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ ಬರುತ್ತದೆ, ಆದರೆ ಪ್ರತಿ ಅಕ್ಷರಕ್ಕೂ ಒಂದು ನಂಬರು ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದರ ನಂಬರು ಲ ಆದ ಕೂಡಲೇ ಇದೆ. ಪೈಥಾನ್ ನೋಡುವುದು ನಂಬರನ್ನು. ಕ್ಲಾಸಿನ ಹಾಜರಿ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೊರಟವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಇನ್ನೊಂದು ಹೇಳಿದರೆ ನಿನಗೆ ಖುಷಿಯಾಗಬಹುದು. ಇಂಟ್ ಒಳಗೆ ಕನ್ನಡ ಅಂಕೆ "೩೫" ಕೊಟ್ಟು ನೋಡು. 35 ಎಂದೇ ಓದಿಕೊಳ್ಳುತ್ತದೆ. ಉಲ್ಲೇಖ ಚಿಹ್ನೆ ಇಲ್ಲದೆ ಬರೇ ೩೫ ಎಂದು ಬರೆದರೆ ಮಾತ್ರ ಒಪ್ಪುವುದಿಲ್ಲ.

5ರ ವರ್ಗ ಬೇಕೆಂದು 5 ^ 2 ಹಾಕಿದೆ. 7 ಬಂತು. ಸರಾಸರಿ ತೆಗೆಯಲು 40 + 60 / 2 ಹಾಕಿದರೆ 70.0 ಬಂತು. ಎರಡೂ ತಪ್ಪು!
— ಓದುಗರು, ತಾಳವಾಡಿ, ಈರೋಡು ಜಿಲ್ಲೆ

ಎರಡನೆಯದ್ದು ಸುಲಭ. ಭಾಗಾಕಾರ ಮೊದಲು, ಕೂಡುವುದು ಆಮೇಲೆ. ಹಾಗಾಗಿ 60ರ ಅರ್ಧ 30 ಆಗಿ, ಅದಕ್ಕೆ 40 ಸೇರಿತು. (40 + 60) / 2 ಎಂದು ಕಂಸ ಹಾಕಿ.

ಘಾತಕ್ಕೆ ಪೈಥಾನಿನ ಚಿಹ್ನೆ **. 5 ** 2 ಎಂದರೆ 25. ^ ಎಂಬುದು ಎರಡು ಸಂಖ್ಯೆಗಳ ಸೊನ್ನೆ-ಒಂದರ ಅಂಕೆಗಳಾದ ಬಿಟ್‌ಗಳನ್ನು ಎದುರುಬದುರು ಇಟ್ಟು ನೋಡುತ್ತದೆ. ಬೇರೆ ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0. ಐದು ಎಂದರೆ 101, ಎರಡು ಎಂದರೆ 010. ಮೂರು ಜಾಗದಲ್ಲೂ ಬೇರೆ ಬೇರೆ, ಹಾಗಾಗಿ 111, ಅಂದರೆ ಏಳು. ಎರರ್ ಬಾರದೆ ಏನೋ ಒಂದು ಉತ್ತರ ಬರುವುದರಿಂದ ಇದು ಕೆಟ್ಟ ತಪ್ಪು. ದೊಡ್ಡ ಪ್ರೋಗ್ರಾಮಿನೊಳಗೆ ಸೇರಿಕೊಂಡರೆ ಹುಡುಕುವುದು ಕಷ್ಟ. ಪೆನ್ಸಿಲ್ ಹಿಡಿಯಿರಿ ಎಂದು ನಾನು ಪೀಡಿಸುವುದು ಇಂಥದ್ದಕ್ಕೇ.

** ಬಗ್ಗೆ ಎರಡು ಸಂಗತಿ. 2 ** 3 ** 2 ಎಂದರೆ 64 ಅಲ್ಲ, 512. ಇದೊಂದು ಚಿಹ್ನೆ ಬಲದಿಂದ ಎಡಕ್ಕೆ ನಡೆಯುತ್ತದೆ. ಮತ್ತೆ -3 ** 2 ಎಂದರೆ 9 ಅಲ್ಲ, -9. ಘಾತ ಮೊದಲು, ಮೈನಸ್ ಆಮೇಲೆ.

ಕನ್ನಡದಲ್ಲಿ ಹೆಸರು ಕೊಡಬಹುದು ಎಂದಿರಿ. ‘ಮಾರ್ಕು = 35’ ಸರಿ ಹೋಗುತ್ತದೆ. ‘ಮಾರ್ಕ್‌ಶೀಟ್ = 35’ ಎಂದರೆ ಎರರ್. ಯಾಕೆ?
— ಮಂಜೇಶ್ವರದಿಂದ ಓದುಗರು

ಮಾರ್ಕ್ ಮತ್ತು ಶೀಟ್ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ. ಕ್ ಕೆಳಗೆ ಶ ಒತ್ತಾಗಿ ಅಂಟದಿರಲಿ ಎಂದು ನಾವು ಕೀಬೋರ್ಡಿನಲ್ಲಿ ಒತ್ತುತ್ತೇವಲ್ಲ, ಅದೇ. ಯೂನಿಕೋಡಿನಲ್ಲಿ ಅದರ ಗುರುತು ಯು+200ಸಿ. ಹೆಸರಿನೊಳಗೆ ಅದನ್ನು ಪೈಥಾನ್ ಒಪ್ಪುವುದಿಲ್ಲ. ಎರರ್ ಸಾಲನ್ನು ಸರಿಯಾಗಿ ಓದಿದರೆ ಈ ಗುರುತು ಅಲ್ಲೇ ಕಾಣುತ್ತದೆ. ‘ಮಾರ್ಕ್_ಶೀಟ್’ ಎಂದು ನಡುವೆ ಕೆಳಗೆರೆ ಹಾಕಿ. ಉಲ್ಲೇಖ ಚಿಹ್ನೆಯ ಒಳಗಾದರೆ ಆ ಅಕ್ಷರ ಇದ್ದರೂ ತೊಂದರೆ ಇಲ್ಲ.

ಟೀಚರ್, ಪ್ಲಸ್ ವನ್‌ನಲ್ಲಿ ನಮಗೆ ಸಿ++ ಕಲಿಸುತ್ತಿದ್ದಾರೆ. ಪೈಥಾನಿನಲ್ಲಿ ಕಲಿತ ಆಪರೇಟರ್ ಎಲ್ಲ ಅಲ್ಲಿಯೂ ನಡೆಯುತ್ತದಾ?
— ಪ್ಲಸ್ ವನ್ ವಿದ್ಯಾರ್ಥಿನಿ, ಉಪ್ಪಳ

ಹೆಚ್ಚಿನದ್ದು ನಡೆಯುತ್ತದೆ. +, -, *, ==, !=, <, > ಎಲ್ಲ ಹಾಗೆಯೇ. ಎಡವುವ ಜಾಗಗಳು ಕೆಲವು ಇವೆ.

ಸಿ++ನಲ್ಲಿ ಎರಡೂ ಕಡೆ ಪೂರ್ಣಾಂಕ ಇದ್ದರೆ 7 / 2 ಎಂದರೆ 3. // ಎಂದು ಬರೆದರೆ ಅದು ಭಾಗಾಕಾರವೇ ಅಲ್ಲ, ಅಲ್ಲಿಂದ ಸಾಲಿನ ಕೊನೆಯ ತನಕ ಟಿಪ್ಪಣಿ ಎಂದು ಬಿಟ್ಟುಬಿಡುತ್ತದೆ. ಘಾತಕ್ಕೆ ** ಇಲ್ಲ, ಪವ್ ಎಂಬ ಫಂಕ್ಷನ್ ಬೇಕು. ಆ್ಯಂಡ್ ಬದಲು &&, ಆರ್ ಬದಲು || ಬರೆಯುತ್ತಾರೆ.

ಪೈಥಾನಿನಲ್ಲಿ ‘35 <= ಮಾರ್ಕು <= 100’ ಎಂದು ಗಣಿತದ ಹಾಗೆಯೇ ಬರೆಯಬಹುದು. ಸಿ++ನಲ್ಲಿ ಇದನ್ನು ಬರೆದರೆ ಅದು ಓಡುತ್ತದೆ, ಆದರೆ ಉತ್ತರ ಸುಳ್ಳು. ಮೊದಲ ಹೋಲಿಕೆಗೆ 0 ಅಥವಾ 1 ಬರುತ್ತದೆ. ಆಮೇಲೆ ಆ 0 ಅಥವಾ 1ನ್ನು ನೂರರ ಜೊತೆ ಹೋಲಿಸುತ್ತದೆ. ಹಾಗಾಗಿ ಯಾವಾಗಲೂ ಸರಿ ಎಂದೇ ಹೇಳುತ್ತದೆ. ಎರಡು ಹೋಲಿಕೆ ಬೇರೆ ಬೇರೆ ಬರೆದು ನಡುವೆ && ಹಾಕು.

ಇನ್ನು ++. ಸಿ++ನಲ್ಲಿ ‘ಕಾಯಿ++’ ಎಂದರೆ ಒಂದು ಹೆಚ್ಚಿಸು. ಅದೇ ರೂಢಿಯಲ್ಲಿ ಪೈಥಾನಿನಲ್ಲಿ ‘ಕಾಯಿ++’ ಬರೆದರೆ ಎರರ್ ಬರುತ್ತದೆ. ‘++ಕಾಯಿ’ ಎಂದು ಬರೆದರೆ ಎರರ್ ಬರುವುದಿಲ್ಲ, ಆದರೆ ಕಾಯಿ ಹೆಚ್ಚುವುದೂ ಇಲ್ಲ. ಪ್ಲಸ್ಸಿನ ಪ್ಲಸ್ಸು ಎಂದು ಓದಿ ಸುಮ್ನೆ ಮುಂದೆ ಹೋಗುತ್ತದೆ. ಎರಡು ಭಾಷೆಯನ್ನೂ ಒಟ್ಟಿಗೆ ಕಲಿಯುತ್ತಿರುವಷ್ಟು ಕಾಲ ‘ಕಾಯಿ += 1’ ಎಂದೇ ಬರೆ. ಅದು ಎರಡರಲ್ಲೂ ನಡೆಯುತ್ತದೆ.